ಭಟ್ಟರ ಮನೆ ದಾಟಿದ ಮೇಲೆ ಬೆಟ್ಟ

ಕಲಬುರಗಿ ಮಗ್ಗುಲಿನ ತಾಜಸುಲ್ತಾನಪುರದವರು ಕುಮಾರಪರ್ವತ ಹತ್ತಬೇಕಾದರೆ ಮೊದಲು ಕೆಳಗಿಳಿಯಬೇಕು. ಹೇಳಿದರೆ ಜನ ನಗುತ್ತಾರೆ, ಆದರೆ ಲೆಕ್ಕ ಸರಿಯಾಗಿದೆ. ಕಲಬುರಗಿ ಇರುವುದು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ. ಬೆಟ್ಟದ ಬುಡದಲ್ಲಿರುವ ಕುಕ್ಕೆ ಸುಬ್ರಹ್ಮಣ್ಯ 120 ಮೀಟರಿನ ಆಸುಪಾಸು. ಶಿಖರ 1712 ಮೀಟರ್. ತೊಗರಿ ಹೊಲದ ಸಪಾಟು ನೆಲ ಬಿಟ್ಟು, ಮುನ್ನೂರು ಮೀಟರಿಗೂ ಹೆಚ್ಚು ಇಳಿದು, ಅಲ್ಲಿಂದ ಒಂದೇ ಕಾಲುಹಾದಿಯಲ್ಲಿ ಹತ್ತಿರ ಹತ್ತಿರ 1600 ಮೀಟರ್ ಏರಬೇಕು. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಇದಕ್ಕಿಂತ ದೊಡ್ಡದು, ನಿಜ. ಆದರೆ ಅಲ್ಲಿ ತುದಿಯ ಹತ್ತಿರದ ತನಕ ಗಾಡಿ ಹೋಗುತ್ತದೆ, ಉಳಿದದ್ದು ಮೆಟ್ಟಿಲು. ಕುಮಾರಪರ್ವತದಲ್ಲಿ ಗಾಡಿಯ ಮಾತೇ ಇಲ್ಲ. ಕರ್ನಾಟಕದ ಕಠಿಣ ಚಾರಣ ಯಾವುದು ಎಂದು ಹತ್ತು ಮಂದಿಯನ್ನು ಕೇಳಿದರೆ ಹೆಚ್ಚಿನವರ ಬಾಯಲ್ಲಿ ಬರುವ ಹೆಸರು ಇದೇ.

ನಮ್ಮ ಕಡೆ ಗುಡ್ಡವೇ ಇಲ್ಲ ಎನ್ನುವಂತಿಲ್ಲ. ತಾಜಸುಲ್ತಾನಪುರ ಹಾದು ಬೀದರಿಗೆ ಹೋಗುವ ರೈಲು ಕಮಲಾಪುರ ಸೀಮೆಯಲ್ಲಿ ಮರಗುತ್ತಿ ಸುರಂಗ ಹೊಗುತ್ತದೆ. 2017ರಲ್ಲಿ ಈ ದಾರಿಯಲ್ಲಿ ಓಡಾಟ ಶುರುವಾದ ಹೊಸತರಲ್ಲಿ, ಒಂದೂವರೆ ಕಿಲೋಮೀಟರಿಗೂ ಉದ್ದದ ಆ ಕತ್ತಲೆಯನ್ನು ನೋಡಲಿಕ್ಕೆಂದೇ ಮಕ್ಕಳನ್ನು ಕರೆದುಕೊಂಡು ಟಿಕೆಟ್ ತೆಗೆಸಿದವರಿದ್ದಾರೆ. ಇನ್ನೂ ಆಚೆ ಹೋದರೆ ಚಿಂಚೋಳಿ ಕಾಡು. 2011ರಲ್ಲಿ ವನ್ಯಜೀವಿಧಾಮವಾದ ಅಲ್ಲಿ ಗೊಟ್ಟಂಗೊಟ್ಟ ಇದೆ, ಚಂದ್ರಂಪಳ್ಳಿ ಕೆರೆ ಇದೆ, ಹತ್ತಲು ಗುಡ್ಡಗಳೂ ಇವೆ. ಆದರೆ ಅವೆಲ್ಲ ಮುಂಜಾನೆ ಹತ್ತಿ ಮಧ್ಯಾಹ್ನದ ಊಟಕ್ಕೆ ಮನೆ ಸೇರುವಂಥವು. ನಡುದಾರಿಯಲ್ಲಿ ಇನ್ನೊಬ್ಬರ ಮನೆಯ ಪಡಸಾಲೆಯಲ್ಲಿ ಕೂತು ಉಣ್ಣುವ ಪ್ರಸಂಗ ಅಲ್ಲಿ ಬರುವುದಿಲ್ಲ.

ಕುಮಾರಪರ್ವತದಲ್ಲಿ ಬರುತ್ತದೆ. ಕುಕ್ಕೆಯಿಂದ ಸುಮಾರು ಆರು ಕಿಲೋಮೀಟರ್ ಏರಿದ ಮೇಲೆ, ದಟ್ಟ ಕಾಡು ಹಿಂದುಳಿದು ಹುಲ್ಲುಗಾವಲು ತೆರೆದುಕೊಳ್ಳುವ ಜಾಗದಲ್ಲಿ ಗಿರಿಗದ್ದೆ. ಅಲ್ಲೊಂದು ಅಡಿಕೆ ತೋಟ, ತೋಟದ ಮಗ್ಗುಲಿಗೆ ಒಂದು ಮನೆ. ಚಾರಣಿಗರ ಬಾಯಲ್ಲಿ ಅದು ಬರೀ ‘ಭಟ್ಟರ ಮನೆ’. ಬೆಂಗಳೂರಿನಲ್ಲಿ ಚಾರಣದ ಚಟ ಹತ್ತಿದವರಲ್ಲಿ ಈ ಮನೆಯ ಅನ್ನ ಉಣ್ಣದವರು ಅಪರೂಪ. ನಾನು ಹೇಳಹೊರಟಿದ್ದು ಶಿಖರಕ್ಕಿಂತ ಹೆಚ್ಚಾಗಿ ಈ ಮನೆಯ ವಿಚಾರ. ಯಾಕೆಂದರೆ ನಮ್ಮ ನಾಡಿನ ಬೆಟ್ಟಗಳಲ್ಲಿ ತಂಗುಮನೆ ಎಂಬುದು ಹೇಗೆ ಹುಟ್ಟಿತು, ಹೇಗೆ ನಡೆಯಿತು, ಈಗ ಏನಾಗುತ್ತಿದೆ ಎಂಬುದೆಲ್ಲ ಈ ಒಂದು ಮನೆಯ ಕಥೆಯಲ್ಲೇ ಸಿಗುತ್ತದೆ.

ಕ್ಲಬ್ಬು ಕಟ್ಟಿದ್ದು, ಕುಟುಂಬ ಕಟ್ಟಿದ್ದು

ಪರ್ವತದ ಮೇಲೆ ಪರಸ್ಥಳದವರಿಗಾಗಿ ಸೂರು ಕಟ್ಟುವ ಪದ್ಧತಿ ಯುರೋಪಿನ ಆಲ್ಪ್ಸ್‌ನಲ್ಲಿ ಬಹಳ ಹಳೆಯದು. ಇಟಲಿ ಮತ್ತು ಸ್ವಿಟ್ಜರ್ಲೆಂಡ್ ಗಡಿಯ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯಲ್ಲಿ, 2469 ಮೀಟರ್ ಎತ್ತರದಲ್ಲಿ, 11ನೇ ಶತಮಾನದಲ್ಲೇ ಕ್ರೈಸ್ತ ಸಾಧುಗಳು ಒಂದು ಛತ್ರ ನಡೆಸತೊಡಗಿದ್ದರು. ಹಿಮದಲ್ಲಿ ಸಿಕ್ಕಿಕೊಂಡವರನ್ನು ಹುಡುಕುವ ದೊಡ್ಡ ನಾಯಿಗಳಿಗೆ ಆ ಹೆಸರು ಬಂದದ್ದು ಅಲ್ಲಿಂದಲೇ. ಅದು ದಾರಿಹೋಕರ ಛತ್ರ. ಬೆಟ್ಟ ಹತ್ತುವುದನ್ನೇ ಹವ್ಯಾಸ ಮಾಡಿಕೊಂಡವರಿಗಾಗಿ ಮನೆ ಕಟ್ಟುವ ಕಾಲ ಬಂದದ್ದು 19ನೇ ಶತಮಾನದಲ್ಲಿ. ಲಂಡನ್ನಿನಲ್ಲಿ 1857ಕ್ಕೆ ಆಲ್ಪೈನ್ ಕ್ಲಬ್ ಹುಟ್ಟಿತು. 1863ರಲ್ಲಿ ಸ್ವಿಸ್ ಆಲ್ಪೈನ್ ಕ್ಲಬ್ ಹುಟ್ಟಿತು. ಹುಟ್ಟಿದ ವರ್ಷವೇ ಟೋಡಿ ಪರ್ವತದ ಮೈಮೇಲೆ ಗ್ರೂನ್‌ಹಾರ್ನ್ ಎಂಬ ಪುಟ್ಟ ಗೂಡು ಕಟ್ಟಿತು. ಇವತ್ತು ಆ ಕ್ಲಬ್ಬಿನ ಕೈಯಲ್ಲಿ ಸುಮಾರು ನೂರೈವತ್ತು ಮನೆಗಳಿವೆ. ಇಟಲಿಯವರು 1893ರಲ್ಲಿ ಮೊಂಟೆ ರೋಸಾದ ಒಂದು ಶಿಖರದ ನೆತ್ತಿಯ ಮೇಲೆಯೇ, 4554 ಮೀಟರ್ ಎತ್ತರದಲ್ಲಿ, ಮನೆಯೊಂದನ್ನು ನಿಲ್ಲಿಸಿ ತಮ್ಮ ರಾಣಿ ಮಾರ್ಗೆರಿಟಾಳ ಹೆಸರಿಟ್ಟರು. ರಾಣಿ ತಾನೇ ಹತ್ತಿ ಹೋಗಿ ನೋಡಿ ಬಂದಳು.

ಅಲ್ಲಿನ ಕ್ರಮ ಇದು: ಹತ್ತುವವರು ಮೊದಲು ಬಂದರು, ಸಂಘ ಕಟ್ಟಿದರು, ಚಂದಾ ಎತ್ತಿದರು, ಆಮೇಲೆ ಮನೆ ಎದ್ದಿತು. ಮನೆ ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕ, ಮಲಗಲು ಸಾಲು ಮಂಚ, ಗೋಡೆಯ ಮೇಲೆ ನಿಯಮಗಳ ಪಟ್ಟಿ. ಯಾರೂ ಇಲ್ಲದ ಚಳಿಗಾಲದಲ್ಲೂ ಒಂದು ಕೋಣೆಯ ಬಾಗಿಲಿಗೆ ಬೀಗ ಹಾಕದೆ ಬಿಟ್ಟಿರುವ ರೂಢಿ ಎಷ್ಟೋ ಕಡೆ ಇದೆ.

ಗಿರಿಗದ್ದೆಯಲ್ಲಿ ಇದೆಲ್ಲ ತಲೆಕೆಳಗು. ಚಾರಣಿಗರು ಬರುವ ಮುಂಚಿನಿಂದಲೂ ಅಲ್ಲಿ ಮನೆ ಇತ್ತು. ಅದನ್ನು ಕಟ್ಟಿದವರಿಗೆ ಶಿಖರದ ಹಂಬಲವೇನೂ ಇರಲಿಲ್ಲ. ತೋಟ ಮಾಡಿ ಬದುಕುವುದಕ್ಕೆ ಬಂದವರು. ತೊರೆಯ ನೀರು, ಅಡಿಕೆ, ದನ, ದೇವರಪೂಜೆ, ಕೆಳಗಿನ ಪೇಟೆಗೆ ನಡೆದೇ ಹೋಗಿ ನಡೆದೇ ಬರುವ ದಿನಚರಿ. ಬೆನ್ನಿಗೆ ಚೀಲ ಬಿಗಿದ ಹುಡುಗರು ಬೆಂಗಳೂರಿನಿಂದ, ಮಂಗಳೂರಿನಿಂದ ಬರತೊಡಗಿದ ಕಾಲಕ್ಕೆ ಅಂಗಳಕ್ಕೆ ಬಂದು ನೀರು ಕೇಳಿದವರಿಗೆ ಮಜ್ಜಿಗೆ ಸಿಕ್ಕಿತು, ಮಳೆಯಲ್ಲಿ ಸಿಕ್ಕಿಬಿದ್ದವರಿಗೆ ಜಗಲಿ ಸಿಕ್ಕಿತು, ಹಸಿದವರಿಗೆ ಅನ್ನ ಸಿಕ್ಕಿತು. ಬರುವವರ ಸಂಖ್ಯೆ ಏರಿದಂತೆ ಊಟಕ್ಕೊಂದು ದರವೂ ನಿಂತಿತು, ನಿಲ್ಲಲೇಬೇಕಿತ್ತು. ಒಂದು ಕುಟುಂಬದ ಅಡುಗೆಮನೆ ಹೀಗೆ ಹೆಸರುಪಟ್ಟಿಯಿಲ್ಲದೆ, ಸಂಘವಿಲ್ಲದೆ, ಉದ್ಘಾಟನೆಯಿಲ್ಲದೆ ಪರ್ವತದ ತಂಗುಮನೆಯಾಯಿತು.

ನಮ್ಮ ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಶರಣಬಸವೇಶ್ವರರು (1746–1822) ನಡೆಸಿದ ದಾಸೋಹದ ಒಲೆ ನಮ್ಮೂರಲ್ಲಿ ಇನ್ನೂ ಆರಿಲ್ಲ. ಬಂದವನು ಯಾರು, ಯಾಕೆ ಬಂದ ಎಂದು ಕೇಳದೆ ಮೊದಲು ಉಣ್ಣಲು ಕೂರಿಸುವ ರೀತಿ ನಮಗೆ ಗೊತ್ತು. ಗಿರಿಗದ್ದೆಯದು ದಾಸೋಹವಲ್ಲ, ಊಟಕ್ಕೆ ದುಡ್ಡು ಕೊಡಬೇಕು. ಕೊಡುವಾಗ ಮಾತ್ರ ಆ ದರ ಏನನ್ನು ಹೊತ್ತಿದೆ ಎಂದು ಒಂದು ಕ್ಷಣ ಯೋಚಿಸಬೇಕು.

ಅಲ್ಲಿಗೆ ರಸ್ತೆ ಇಲ್ಲ. ತೋಟದಲ್ಲಿ ಬೆಳೆಯದ ಪ್ರತಿಯೊಂದು ವಸ್ತುವೂ ಮನುಷ್ಯರ ತಲೆಯ ಮೇಲೆ, ಹೆಗಲ ಮೇಲೆ ಕಾಡಿನ ಏರು ಹತ್ತಿ ಬರಬೇಕು. ಉಪ್ಪು, ಎಣ್ಣೆ, ಬೇಳೆ ಎಲ್ಲವೂ. ಇಬ್ಬರು ಎತ್ತಿ ಅಂಗಡಿ ಮುಂದಿನ ಗಾಡಿಗೆ ಹಾಕುವ ಅಕ್ಕಿ ಮೂಟೆಯನ್ನು ಅಲ್ಲಿ ಎರಡು ಮೂರು ಹೊರೆ ಮಾಡಬೇಕು. ಬೆನ್ನಿಗೆ ಐದಾರು ಕಿಲೋದ ಚೀಲ ಹೊತ್ತು ಏದುಸಿರು ಬಿಡುತ್ತ ನಾವು ಮರದ ಬೇರಿಗೊರಗಿ ಕೂತಿದ್ದಾಗ, ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಮೂಟೆ ಇಟ್ಟುಕೊಂಡ ಒಬ್ಬರು ನಮ್ಮನ್ನು ದಾಟಿ ಹೋದರು. ಕಾಲಲ್ಲಿ ಹವಾಯಿ ಚಪ್ಪಲಿ. ನಮ್ಮ ಜೊತೆಗಿದ್ದ ತಾಜಸುಲ್ತಾನಪುರದ ಹುಡುಗ ತನ್ನ ಕಾಲಿನ ಹೊಸ ಬೂಟನ್ನೂ ಆ ಚಪ್ಪಲಿಯನ್ನೂ ನೋಡಿ, “ಕಾಕಾ, ಇಷ್ಟ್ ರೊಕ್ಕಾ ಕೊಟ್ಟು ಇದನ್ನ ಯಾಕ ತಗೊಂಡೆ ನಾ?” ಎಂದ. ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಹೀಗೆ ಹೊತ್ತು ತಂದ ಅಕ್ಕಿ ಬೆಂದು ತಟ್ಟೆಗೆ ಬೀಳುತ್ತದೆ. ಸಾಲಾಗಿ ಚಕ್ಕಂಬಕ್ಕಳ ಹಾಕಿ ಕೂರಬೇಕು. ಸ್ಟೀಲ್ ತಟ್ಟೆ, ಅದರ ಮೇಲೆ ಹಬೆಯಾಡುವ ಅನ್ನದ ಗುಡ್ಡೆ, ಗುಡ್ಡೆಯ ನಡುವೆ ಕುಳಿ ಮಾಡಿ ಹುಯ್ಯುವ ಸಾಂಬಾರು, ಮಗ್ಗುಲಲ್ಲಿ ಉಪ್ಪಿನಕಾಯಿ. ಕೊನೆಗೆ ಮಜ್ಜಿಗೆ. ಇಷ್ಟೇ. ಬಡಿಸುವವರು ಸಾಲಿನ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ ತಿರುಗಿ ಬರುವುದರೊಳಗೆ ಮೊದಲಿನವನ ತಟ್ಟೆ ಖಾಲಿ. ಸಾಂಬಾರು ನಮ್ಮ ಖಾರದ ನಾಲಿಗೆಗೆ ಸಪ್ಪೆ, ತುಸು ಸಿಹಿ ಕೂಡ. ಆದರೆ ಆರು ಕಿಲೋಮೀಟರ್ ಏರಿ ಬಂದ ಹೊಟ್ಟೆ ಕರಾವಳಿಯ ಬೆಲ್ಲದ ಬಗ್ಗೆ ತಕರಾರು ತೆಗೆಯುವುದಿಲ್ಲ. ರೊಟ್ಟಿ ಸಿಗುತ್ತದೇನ್ರೀ ಎಂದು ನಮ್ಮವನೊಬ್ಬ ಸಣ್ಣ ದನಿಯಲ್ಲಿ ಕೇಳಿದ್ದಕ್ಕೆ ಸಿಕ್ಕ ಉತ್ತರ ಇನ್ನೊಂದು ಸೌಟು ಅನ್ನ.

ಕುಕ್ಕೆಯ ಹಾದಿ

ಈಗ ದಾರಿ. ಕುಕ್ಕೆಯ ದೇವಸ್ಥಾನದಿಂದ ದೇವರಗದ್ದೆಯ ಕಡೆ ತುಸು ನಡೆದರೆ ಮನೆಗಳು ಮುಗಿದು ಕಾಡು ಶುರು. ಇಲ್ಲಿ ಮಳೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು. ನಮ್ಮ ಕಲಬುರಗಿಯ ಐದು ಪಟ್ಟು. ಅಷ್ಟು ಮಳೆ ಕುಡಿದ ಮರಗಳು ಹೇಗಿರಬೇಕೋ ಹಾಗಿವೆ. ನೆತ್ತಿಯ ಮೇಲೆ ಸೂರ್ಯ ಇದ್ದರೂ ಹಾದಿಯಲ್ಲಿ ನಸುಗತ್ತಲು, ನೆಲವೆಲ್ಲ ಹೆಣೆದುಕೊಂಡ ಬೇರು, ಮಳೆ ನಿಂತು ತಿಂಗಳಾದರೂ ಆರದ ಎಲೆರಾಶಿ, ಅದರಲ್ಲಿ ಜಿಗಣೆ. ಜಿಗಣೆ ಕಂಡರೆ ಬಯಲುಸೀಮೆಯವರು ಕುಣಿದಾಡುವುದು ಸ್ಥಳೀಯರಿಗೆ ದೊಡ್ಡ ತಮಾಷೆ. ಹಾವಿಗೆ ಹೆದರದ ನಮ್ಮ ರೈತರ ಮಕ್ಕಳು ಬೆರಳುದ್ದದ ಹುಳಕ್ಕೆ ಹೆದರಿ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಳ್ಳುತ್ತಾರೆ. ಅದು ಒಳ್ಳೆಯದೇ.

ಈ ಕಾಡಿನ ನಡುವೆ ಭೀಮನ ಬಂಡೆ ಸಿಗುತ್ತದೆ. ದಣಿದವರೆಲ್ಲ ಕೂರುವ ಕಲ್ಲು. ಅಲ್ಲಿಂದ ಮುಂದೆಯೂ ಏರೇ. ಹಿಂದಿನಿಂದ “ಇನ್ನಾ ಎಷ್ಟ್ ದೂರ ಅದ ರೀ?” ಎಂಬ ದನಿ ಕೇಳುತ್ತಲೇ ಇರುತ್ತದೆ. ಇಳಿದು ಬರುವವರನ್ನು ಯಾರೇ ಕೇಳಿದರೂ ಅವರು ಹೇಳುವುದು ಒಂದೇ: ಇಲ್ಲೇ, ಇನ್ನು ಹತ್ತು ನಿಮಿಷ. ನಂಬಬೇಡಿ. ಮರಗಳು ಥಟ್ಟನೆ ಹಿಂದೆ ಸರಿದು, ಎದುರಿಗೆ ಆಕಾಶವೂ ಹುಲ್ಲೂ ಕಂಡಾಗ ಮಾತ್ರ ಭಟ್ಟರ ಮನೆ ಹತ್ತಿರವಾಯಿತು ಎಂದು ತಿಳಿಯಿರಿ.

ಮನೆಯಿಂದ ತುಸು ಮೇಲೆ ಪುಷ್ಪಗಿರಿ ವನ್ಯಜೀವಿಧಾಮದ ಚೆಕ್‌ಪೋಸ್ಟ್. 1987ರಲ್ಲಿ ಘೋಷಣೆಯಾದ, ನೂರು ಚದರ ಕಿಲೋಮೀಟರಿಗೆ ತುಸು ಹೆಚ್ಚು ವಿಸ್ತಾರದ ಈ ಧಾಮ, 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಒಂದು. ಚೆಕ್‌ಪೋಸ್ಟಿನಲ್ಲಿ ಹೆಸರು ಬರೆಸಬೇಕು, ಚೀಲ ಬಿಚ್ಚಿ ತೋರಿಸಬೇಕು. ಹೊತ್ತು ಮೀರಿ ಬಂದವರನ್ನು ಮೇಲಕ್ಕೆ ಬಿಡುವುದಿಲ್ಲ.

ಮುಂದಿನದು ಬೇರೆಯೇ ಬೆಟ್ಟ. ನೆರಳೆಂಬುದು ಇಲ್ಲ. ಎದೆಮಟ್ಟದ ಹುಲ್ಲು, ಹುಲ್ಲಿನ ನಡುವೆ ಒಂದಡಿ ಅಗಲದ ಹಾದಿ, ಕಣಿವೆಯ ಮಡಿಲುಗಳಲ್ಲಿ ಮಾತ್ರ ಕಪ್ಪಗೆ ಕೂತ ಶೋಲಾ ಕಾಡು. ಸುಮಾರು ಎರಡೂವರೆ ಮೂರು ಕಿಲೋಮೀಟರ್ ಆದ ಮೇಲೆ ಕಲ್ಲುಮಂಟಪ. ಕಲ್ಲುಕಂಬಗಳ ಮೇಲೆ ಕಲ್ಲುಚಪ್ಪಡಿ ಹೊದಿಸಿದ, ನಾಲ್ಕು ಜನ ಒತ್ತಿಕೊಂಡು ಕೂರಬಹುದಾದ ಚಿಕ್ಕ ಕಟ್ಟಡ. ಹತ್ತಿರದಲ್ಲೇ ನೀರಿನ ಸೆಲೆ. ಈ ಬೆಟ್ಟದ ಹಳೆಯ ತಂಗುಮನೆ ಯಾವುದೆಂದು ಕೇಳಿದರೆ ನಾನು ಭಟ್ಟರ ಮನೆಯನ್ನಲ್ಲ, ಇದನ್ನು ತೋರಿಸುತ್ತೇನೆ. ನೀರು ಎಲ್ಲಿದೆ ಎಂದು ನೋಡಿಯೇ ಅದನ್ನು ನಿಲ್ಲಿಸಿದ್ದಾರೆ. ಬಾಗಿಲಿಲ್ಲ, ಹಾಗಾಗಿ ಬೀಗವೂ ಇಲ್ಲ. ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ಈ ಬೆಟ್ಟದಲ್ಲಿ ನೆಲೆಸಿದ, ದೇವೇಂದ್ರನ ಮಗಳು ದೇವಸೇನೆಯನ್ನು ಮಾರ್ಗಶಿರ ಶುದ್ಧ ಷಷ್ಠಿಯಂದು ಮದುವೆಯಾದ ಎಂಬುದು ಸ್ಥಳಪುರಾಣ. ಕುಕ್ಕೆಯಲ್ಲಿ ಚಂಪಾಷಷ್ಠಿಯ ತೇರು ನಡೆಯುವುದು ಆ ದಿನವೇ. ಶಿಖರದಲ್ಲಿರುವ ಕುಮಾರಪಾದಕ್ಕೆ ಪೂಜೆ ಸಲ್ಲಿಸಲು ಹತ್ತುವ ಅರ್ಚಕರೂ ಭಕ್ತರೂ ಇದ್ದಾರೆ. ಚಾರಣಿಗರಿಗಿಂತ ಮೊದಲು ಈ ಹಾದಿ ಸವೆಸಿದ್ದು ಅವರ ಬರಿಗಾಲು.

ಕಲ್ಲುಮಂಟಪದಲ್ಲಿ ಸೀಸೆ ತುಂಬಿಕೊಳ್ಳದೆ ಮುಂದೆ ಹೋದವರು ಪಶ್ಚಾತ್ತಾಪ ಪಡುತ್ತಾರೆ. ಅಲ್ಲಿಂದ ಶೇಷಪರ್ವತದ ಏರು ಶುರು, ಹಾದಿಯ ಅತಿ ಕಡಿದಾದ ಭಾಗ ಅದು. ಕಾಲ ಕೆಳಗೆ ಸಡಿಲ ಕಲ್ಲು, ಬೆನ್ನ ಮೇಲೆ ಬಿಸಿಲು. ಒಂದು ದಿಬ್ಬ ಹತ್ತಿ ಇದೇ ತುದಿ ಎಂದುಕೊಂಡರೆ ಅದರ ಹಿಂದೆ ಇನ್ನೊಂದು ಕಾದಿರುತ್ತದೆ. ಶೇಷಪರ್ವತದ ಅಂಚಿನಲ್ಲಿ ನಿಂತು ಇಣುಕಿದರೆ ಕಾಡಿನ ಪಾತಾಳ. ಎಷ್ಟೋ ಜನ ಇಲ್ಲಿಗೇ ಸಾಕೆಂದು ತಿರುಗುತ್ತಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮುಂದೆ ಹೋಗುವವರು ಒಮ್ಮೆ ಇಳಿದು, ತಣ್ಣನೆಯ ಶೋಲಾ ಕಾಡು ಹೊಕ್ಕು, ನೀರು ಜಿನುಗುವ ಇಳಿಜಾರು ಬಂಡೆಯೊಂದನ್ನು ಕೈಕಾಲು ಊರಿ ಹತ್ತಬೇಕು. ಅದಾದ ಮೇಲೆ ಶಿಖರ. ಕುಕ್ಕೆಯಿಂದ ಅಲ್ಲಿಗೆ ಹದಿಮೂರು ಕಿಲೋಮೀಟರಿನ ಆಸುಪಾಸು. ತುದಿಯೆಂದರೆ ಮೊನಚಲ್ಲ, ಅಗಲವಾದ ಹುಲ್ಲುಹಾಸು, ಕಲ್ಲುಗಳನ್ನು ಪೇರಿಸಿದ ಗುಪ್ಪೆಗಳು, ಪುಟ್ಟದೊಂದು ಕಲ್ಲುಗುಡಿ. ತಡಿಯಂಡಮೋಳ್ ಬಿಟ್ಟರೆ ಕೊಡಗಿನ ಎರಡನೆಯ ಎತ್ತರದ ಜಾಗ ಇದು.

ಸೋಮವಾರಪೇಟೆಯ ಕಡೆಯಿಂದ

ಇನ್ನೊಂದು ಹಾದಿ ಘಟ್ಟದ ಮೇಲಿನದು. ಸೋಮವಾರಪೇಟೆಯಿಂದ ಬೀದಳ್ಳಿ, ಅಲ್ಲಿಂದ ಹೆಗ್ಗಡೆಮನೆ, ಶಾಂತಮಲ್ಲಿಕಾರ್ಜುನ ದೇವಸ್ಥಾನ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ದಾಟಿ ಆರೇಳು ಕಿಲೋಮೀಟರ್ ಹತ್ತಿದರೆ ಶಿಖರ. ಹೊರಡುವ ಜಾಗವೇ ಎತ್ತರದಲ್ಲಿರುವುದರಿಂದ ಏರು ಕಡಿಮೆ. ಹೆಚ್ಚುಕಡಿಮೆ ತುದಿಯವರೆಗೂ ಮರದ ನೆರಳು. ಮೊದಲ ಸಲ ಬರುವವರಿಗೆ, ಮಂಡಿ ನೋವಿನವರಿಗೆ ನಾನು ಹೇಳುವುದು ಈ ದಾರಿಯನ್ನೇ. ಕುಮಾರಧಾರಾ ನದಿ ಧುಮುಕುವ ಮಲ್ಲಳ್ಳಿ ಜಲಪಾತವೂ ಇದೇ ಮಗ್ಗುಲಲ್ಲಿದೆ. ಆ ನದಿ ಬೆಟ್ಟವನ್ನು ಬಳಸಿ ಕುಕ್ಕೆಗಿಳಿದು, ಭಕ್ತರ ಸ್ನಾನಕ್ಕೆ ಒದಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ.

ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಗೆ ಇಳಿಯುವುದೇ ಈ ಬೆಟ್ಟದ ನಿಜವಾದ ಚಾರಣ ಎನ್ನುವವರಿದ್ದಾರೆ. ಬೀದಳ್ಳಿಯಿಂದ ಹತ್ತಿ ಕುಕ್ಕೆಗೆ ಇಳಿದರೆ ಗಂಟಲು ಒಣಗುವ ಏರು ತಪ್ಪುತ್ತದೆ, ಭಟ್ಟರ ಮನೆ ಇಳಿಯುವಾಗ ಸಿಗುತ್ತದೆ. ಮಂಡಿಗೆ ಮಾತ್ರ ಸುಖವಿಲ್ಲ. ಸಾವಿರದ ಆರುನೂರು ಮೀಟರ್ ಇಳಿಯುವುದು ಹತ್ತುವುದಕ್ಕಿಂತ ಸುಲಭ ಎಂದು ಹೇಳಿದವರು ಇಳಿದಿರಲಿಕ್ಕಿಲ್ಲ.

ಲೋಬೋ ಮನೆ, ಇನ್ನೊಂದು ಭಟ್ಟರ ಮನೆ

ಗಿರಿಗದ್ದೆಯಂಥ ಮನೆ ಒಂದೇ ಅಲ್ಲ. ಕೊಡಚಾದ್ರಿಯ ಮೇಲೆ, 1343 ಮೀಟರಿನ ಶಿಖರಕ್ಕೆ ತುಸು ಕೆಳಗೆ, ಮೂಲ ಮೂಕಾಂಬಿಕೆಯ ಗುಡಿಯ ಬಳಿ ಅರ್ಚಕರ ಮನೆಯಿದೆ. ಅದೂ ಭಟ್ಟರ ಮನೆಯೇ, ಅಲ್ಲೂ ಊಟ ಹಾಕುತ್ತಾರೆ. ಪಕ್ಕದಲ್ಲಿ ಸರ್ಕಾರದ ಪ್ರವಾಸಿ ಮಂದಿರವೂ ಇದೆ. ನಿಟ್ಟೂರಿನ ಕಡೆಯಿಂದ ಹಿಡ್ಲುಮನೆ ಜಲಪಾತದ ಮಗ್ಗುಲಲ್ಲಿ ಹತ್ತುವ ಕಾಲುಹಾದಿ ಇದೆ, ಕೊಲ್ಲೂರಿನ ಕಡೆಯಿಂದ ವಳೂರಿನ ಮೇಲೆ ಕಾಡುದಾರಿ ಇದೆ. ಆದರೆ ಜೀಪು ಮೇಲಿನವರೆಗೆ ಬರುತ್ತದೆ. ಜೀಪು ಬಂದ ಕಡೆ ಅಕ್ಕಿಮೂಟೆ ತಲೆಯಿಂದ ಇಳಿಯುತ್ತದೆ, ಒಳ್ಳೆಯದು. ಜೊತೆಗೆ ಹತ್ತದೆ ಬಂದವರೂ ಇಳಿಯುತ್ತಾರೆ. ಭಾನುವಾರ ತುದಿಯಲ್ಲಿರುವ ಸರ್ವಜ್ಞ ಪೀಠದ ಹಾದಿಯಲ್ಲಿ ಹೆಜ್ಜೆಗೊಬ್ಬರು.

ಕುದುರೆಮುಖದ ಕಥೆ ಇನ್ನೊಂದು ತುದಿಯದು. ಮುಳ್ಳೋಡಿಯಿಂದ ಹತ್ತುವಾಗ ಒಂಟಿಮರ ದಾಟಿದ ಮೇಲೆ ಲೋಬೋ ಮನೆ ಎಂಬ ಜಾಗ ಬರುತ್ತದೆ. ಅಲ್ಲೂ ಒಂದು ಕುಟುಂಬ ಒಕ್ಕಲುತನ ಮಾಡಿಕೊಂಡಿತ್ತು. ಇವತ್ತು ಉಳಿದದ್ದು ಪಾಳು ಗೋಡೆ ಮತ್ತು ಚಾರಣಿಗರು ಗುರುತಿಗೆ ಹೇಳುವ ಹೆಸರು ಮಾತ್ರ. ಇನ್ನೂ ಮೇಲೆ, ಶಿಖರಕ್ಕೆ ಹತ್ತಿರ, ಕಲ್ಲುಕಟ್ಟಡವೊಂದರ ಅವಶೇಷವಿದೆ. ಬ್ರಿಟಿಷರ ಕಾಲದಲ್ಲಿ ಮಂಗಳೂರಿನ ಸೆಖೆ ತಡೆಯಲಾರದ ಅಧಿಕಾರಿಗಳಿಗೂ ಪಾದ್ರಿಗಳಿಗೂ ಈ ಬೆಟ್ಟ ಬೇಸಿಗೆಯ ತಂಪುದಾಣವಾಗಿತ್ತು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು. ಈಗ ಮುಳ್ಳೋಡಿಯ ಆಸುಪಾಸಿನ ಹೋಂಸ್ಟೇಗಳಲ್ಲಿ ಮಲಗಿ, ಬೆಳಿಗ್ಗೆ ಹತ್ತಿ, ಕತ್ತಲಾಗುವುದರೊಳಗೆ ಇಳಿಯಬೇಕು. ಹಾದಿಯಲ್ಲಿ ಒಲೆ ಹೊತ್ತಿಸುವ ಮನೆ ಒಂದೂ ಇಲ್ಲ.

ಒಂದು ಕಡೆ ಜೀಪು ತುಂಬಿದ ಬೆಟ್ಟ, ಇನ್ನೊಂದು ಕಡೆ ಮನೆ ಖಾಲಿಯಾದ ಬೆಟ್ಟ. ಗಿರಿಗದ್ದೆ ಇವೆರಡರ ನಡುವೆ ಇನ್ನೂ ನಿಂತಿದೆ.

2024ರ ಜನವರಿ

ನಿಂತಿದೆ ಎನ್ನುವಾಗಲೇ ಆ ಗಣರಾಜ್ಯೋತ್ಸವದ ರಜೆಯ ಚಿತ್ರ ಕಣ್ಣ ಮುಂದೆ ಬರುತ್ತದೆ. 2024ರ ಜನವರಿ 26 ಶುಕ್ರವಾರ ಬಿದ್ದು ಮೂರು ದಿನ ಸಾಲು ರಜೆ. ಕುಮಾರಪರ್ವತಕ್ಕೆ ಜನ ಸಾವಿರಗಟ್ಟಲೆ ನುಗ್ಗಿದರು. ಹುಲ್ಲುಗಾವಲಿನ ಹಾದಿಯಲ್ಲಿ ಒಬ್ಬರ ಹಿಂದೊಬ್ಬರು ಹೆಜ್ಜೆ ಇಡಲಾಗದೆ ನಿಂತ ಸಾಲಿನ ಫೋಟೊ ರಾಜ್ಯದ ಎಲ್ಲರ ಮೊಬೈಲಿಗೂ ಬಂತು. ಅರಣ್ಯ ಸಚಿವ ಈಶ್ವರ ಖಂಡ್ರೆ ನಮ್ಮ ಭಾಲ್ಕಿಯವರು. ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಎಂದು ಅವರು ಸೂಚಿಸಿದರು. ಅದೇ ವರ್ಷ ‘ಅರಣ್ಯ ವಿಹಾರ’ ಎಂಬ ಜಾಲತಾಣ ಬಂತು. ದಿನಕ್ಕೆ ಇಷ್ಟೇ ಜನ, ಮುಂಚೆಯೇ ಹೆಸರು ಮತ್ತು ಗುರುತುಚೀಟಿಯ ವಿವರ, ಶುಲ್ಕ. ಶಿಖರದಲ್ಲಿ ಡೇರೆ ಹಾಕಿ ರಾತ್ರಿ ಕಳೆಯುವುದು ಮುಗಿದ ಕಥೆ.

ನಿಯಮ ಬಂದದ್ದು ಸರಿ, ತಡವಾಗಿಯೇ ಬಂತು ಎಂಬುದು ನನ್ನ ಅಭಿಪ್ರಾಯ. ಒಂದಡಿ ಹಾದಿಯಲ್ಲಿ ಸಾವಿರ ಜನ ನಡೆದರೆ ಹುಲ್ಲು ಸಾಯುತ್ತದೆ, ಹುಲ್ಲು ಸತ್ತ ಕಡೆ ಮಳೆಗೆ ಮಣ್ಣು ಕೊಚ್ಚಿ ಹಾದಿ ಹಳ್ಳವಾಗುತ್ತದೆ. ಬೇಸಿಗೆಯಲ್ಲಿ ಒಂದು ಬೀಡಿ ಚೂರು ಇಡೀ ಗುಡ್ಡ ಸುಡಬಲ್ಲದು. ಅಲ್ಲಿ ಕಾಟಿ, ಆನೆ, ಮಂಗಟ್ಟೆ ಹಕ್ಕಿಗಳ ಸಂಸಾರವಿದೆ. ಆದರೆ ನಿಯಮ ಬರೆದವರ ಕಾಗದದಲ್ಲಿ ಬೆಟ್ಟಕ್ಕೆ ಎರಡೇ ಪಾತ್ರ: ಇಲಾಖೆ ಮತ್ತು ಪ್ರವಾಸಿ. ನಡುದಾರಿಯಲ್ಲಿ ಹಿಂದಿನಿಂದಲೂ ಇರುವ ಮನೆಗೆ ಅಲ್ಲೊಂದು ಸಾಲೂ ಇಲ್ಲ.

ಆ ಮನೆ ಬರೀ ಊಟದ ಜಾಗವಾಗಿದ್ದರೆ ಇಷ್ಟು ಹೇಳುತ್ತಿರಲಿಲ್ಲ. ಬೆಟ್ಟದಲ್ಲಿ ಮನುಷ್ಯವಾಸವಿರುವ ಕೊನೆಯ ಬಿಂದು ಅದು. ದಾರಿ ತಪ್ಪಿದವರು ತಡಕಾಡುವುದು ಅದರ ದೀಪಕ್ಕಾಗಿ, ಕಾಲು ಉಳುಕಿದವರನ್ನು ಹೊತ್ತು ತರುವುದು ಅದರ ಅಂಗಳಕ್ಕೆ. ಏರುವಾಗ ಎದೆ ಹಿಡಿದುಕೊಂಡು ಕುಸಿದು ಪ್ರಾಣ ಬಿಟ್ಟವರೂ ಈ ಹಾದಿಯಲ್ಲಿದ್ದಾರೆ. 2019ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯುವಕನೊಬ್ಬ ಗೆಳೆಯರ ಗುಂಪಿನಿಂದ ಬೇರ್ಪಟ್ಟು ಇದೇ ಕಾಡಿನಲ್ಲಿ ಕಾಣೆಯಾದ. ಹುಡುಕುವವರು ಹುಡುಕುತ್ತಿರುವಾಗಲೇ ಆತ ಕಾಡಿನಲ್ಲಿ ಹಾಯ್ದುಹೋಗಿದ್ದ ನೀರಿನ ಪೈಪೊಂದನ್ನು ಕಂಡು, ಅದರ ಜಾಡು ಹಿಡಿದು ಇಳಿದು ಕುಕ್ಕೆ ಸೇರಿದ. ನೀರಿನ ಪೈಪು ಇದ್ದಲ್ಲಿ ಅದನ್ನು ಎಳೆದ ಮನುಷ್ಯ ಇರಲೇಬೇಕು ಎಂಬಷ್ಟು ತಲೆ ಆ ಹೊತ್ತಿನಲ್ಲೂ ಅವನಿಗೆ ಓಡಿತು.

ಆಲ್ಪ್ಸ್‌ನಲ್ಲಿ ತಂಗುಮನೆಯ ಮೇಲ್ವಿಚಾರಕನಿಗೆ ಒಂದು ಸ್ಥಾನವಿದೆ. ಹವಾಮಾನ ಹೇಳುವವನು ಅವನು, ಇವತ್ತು ಹೋಗಬೇಡಿ ಎನ್ನುವವನು ಅವನು. ಹೊರಟವರು ಮುಂದಿನ ಗಮ್ಯವನ್ನು ಅವನ ಪುಸ್ತಕದಲ್ಲಿ ಬರೆದು ಹೋಗುತ್ತಾರೆ. ಯಾರಾದರೂ ಕಾಣೆಯಾದರೆ ಹುಡುಕಾಟ ಶುರುವಾಗುವುದು ಆ ಸಾಲಿನಿಂದ. ಗಿರಿಗದ್ದೆಯಂಥ ಕಡೆ ಆ ತಿಳಿವಳಿಕೆ ಕೂಲಿಯಿಲ್ಲದೆ ಸಿಗುತ್ತಿದೆ. ಯಾವ ತೊರೆ ಯಾವ ತಿಂಗಳಲ್ಲಿ ಬತ್ತುತ್ತದೆ, ಯಾವ ಗಾಳಿಗೆ ಮಂಜು ಮುಚ್ಚುತ್ತದೆ, ಆನೆ ಈ ವಾರ ಯಾವ ಮಗ್ಗುಲಲ್ಲಿದೆ ಎಂಬುದು ಅಲ್ಲಿ ವಾಸ ಇದ್ದವರಿಗೆ ಗೊತ್ತಿರುವಷ್ಟು ಜಾಲತಾಣಕ್ಕೆ ಗೊತ್ತಿಲ್ಲ. ದಿನಕ್ಕೆ ಎಷ್ಟು ಜನ ಎಂದು ತೀರ್ಮಾನಿಸುವಾಗ ಆ ಮನೆಯ ಒಲೆಗೆ ಎಷ್ಟು ಜನ ಎಂದೂ ಕೇಳಬೇಕಿತ್ತು. ಶುಲ್ಕದಲ್ಲಿ ಒಂದು ಪಾಲು ಅಲ್ಲಿನ ಶೌಚಾಲಯಕ್ಕೆ, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ, ಒಂದು ಸ್ಟ್ರೆಚರಿಗೆ ಹೋದರೆ ಯಾರ ಗಂಟೂ ಹೋಗುವುದಿಲ್ಲ. ರಸ್ತೆ ಮಾತ್ರ ಬೇಡ. ಕೊಡಚಾದ್ರಿಯಲ್ಲಿ ನೋಡಿ ಆಗಿದೆ.

ಕಲಬುರಗಿಯಿಂದ ಹೊರಡುವವರಿಗೆ

ಹೋಗುವುದು ದೂರ, ಆದರೆ ತೊಡಕಿಲ್ಲ. ಸಂಜೆ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು; ಉದ್ಯಾನ್ ಎಕ್ಸ್‌ಪ್ರೆಸ್ ಹಳೆಯ ಗೆಳೆಯ, ಹಗಲು ಹೋಗುವವರಿಗೆ 2024ರ ಮಾರ್ಚಿನಿಂದ ಕಲಬುರಗಿಯಿಂದಲೇ ಬೆಳಿಗ್ಗೆ ಹೊರಡುವ ವಂದೇ ಭಾರತ್ ಇದೆ. ಬೆಂಗಳೂರಿನಿಂದ ರಾತ್ರಿ ಬಸ್ಸು ಕುಕ್ಕೆಗೇ ಬಿಡುತ್ತದೆ. ರೈಲಾದರೆ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿಯಬೇಕು. ಅದು ನೆಟ್ಟಣದಲ್ಲಿದೆ, ಅಲ್ಲಿಂದ ಕುಕ್ಕೆ ಹನ್ನೆರಡು ಕಿಲೋಮೀಟರಿನ ಆಸುಪಾಸು. ಸಕಲೇಶಪುರದಾಚೆ ಘಟ್ಟ ಇಳಿಯುವ ಆ ಹಳಿಯಲ್ಲಿ 57 ಸುರಂಗಗಳು. ಮರಗುತ್ತಿಯ ಒಂದಕ್ಕೇ ಕೂಗಿದ ನಮ್ಮ ಮಕ್ಕಳ ಗಂಟಲಿಗೆ ಇಲ್ಲಿ ಬಿಡುವಿರುವುದಿಲ್ಲ, ಹಗಲು ರೈಲಾದರೆ.

ಮಳೆಗಾಲದಲ್ಲಿ ಹಾದಿ ಬಂದ್, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಬಂದ್. ಉಳಿಯುವುದು ಅಕ್ಟೋಬರಿನಿಂದ ಜನವರಿ ಆಸುಪಾಸು. ಅದರಲ್ಲೂ ಶನಿವಾರ, ಭಾನುವಾರ ಬಿಟ್ಟು ಹೋಗುವುದು ಜಾಣತನ. ಜಾಲತಾಣದಲ್ಲಿ ಚಾರಣದ ಚೀಟಿ ಸಿಕ್ಕ ಮೇಲೆ ಒಂದು ತಿಂಗಳು ದಿನಾ ಬೆಳಿಗ್ಗೆ ಮೆಟ್ಟಿಲು ಹತ್ತಿ ಇಳಿಯುವ ರೂಢಿ ಮಾಡಿ; ತಾಜಸುಲ್ತಾನಪುರದ ಸುತ್ತ ಎಷ್ಟು ನಡೆದರೂ ಅದು ಸಪಾಟು ನಡಿಗೆ, ತೊಡೆಗೆ ಏರಿನ ಪಾಠ ಆಗುವುದಿಲ್ಲ. ನಮ್ಮ 44 ಡಿಗ್ರಿ ಬಿಸಿಲು ಉಂಡವರಿಗೆ ಇಲ್ಲಿನ ಬಿಸಿಲೇನು ಮಹಾ ಎನ್ನಿಸುತ್ತದೆ. ಕರಾವಳಿಯ ಸೆಖೆ ಬೇರೆ ಜಾತಿಯದು, ಬೆವರು ಆರುವುದೇ ಇಲ್ಲ. ನೀರಿಗೆ ಒಂದು ಚಿಟಿಕೆ ಉಪ್ಪು, ಸಕ್ಕರೆ ಹಾಕಿಕೊಳ್ಳಿ. ಭಟ್ಟರ ಮನೆಯಲ್ಲಿ ಊಟ ಬೇಕಿದ್ದರೆ ಮುಂಚೆಯೇ ತಿಳಿಸಿ, ಹೊತ್ತಿಗೆ ಸರಿಯಾಗಿ ತಲುಪಿ. ಹತ್ತು ಜನ ಹೇಳದೆ ಬಂದರೆ ಅಷ್ಟು ಅಕ್ಕಿಯನ್ನು ಯಾರೋ ಮತ್ತೆ ಹೊತ್ತು ತರಬೇಕಾಗುತ್ತದೆ. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಇರಲಿ. ಬಟ್ಟೆಯಲ್ಲಿ ಕಟ್ಟಿಕೊಳ್ಳಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಚೆಕ್‌ಪೋಸ್ಟಿನವರು ತೆಗೆಸುತ್ತಾರೆ.